ಪುಟ್ಟ ದ್ವೀಪದ ಮೇಲೊಂದು ಸಂಶೋಧನಾ ಕೇಂದ್ರ: ದ್ವೀಪಕ್ಕೆ ಆಸರೆಯೋ, ಹೊರೆಯೋ?

ಅಕ್ಕರೆ
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಕಡಲ ಜೀವಶಾಸ್ತ್ರ ಓದುತ್ತಿದ್ದಾಳೆ. ಒಂದು ಹವಳದ ದ್ವೀಪದಲ್ಲಿರುವ ಸಂಶೋಧನಾ ಕೇಂದ್ರದಲ್ಲಿ ಅವಳಿಗೆ ಮೂರು ತಿಂಗಳ ಕೆಲಸ ಸಿಕ್ಕಿದೆ. ದ್ವೀಪದ ಹೆಸರು ಇಲ್ಲಿ ಬೇಡ. ಹತ್ತು ನಿಮಿಷ ನಡೆದರೆ ಈ ತುದಿಯಿಂದ ಆ ತುದಿ ಮುಟ್ಟಬಹುದಂತೆ, ಅಷ್ಟು ಚಿಕ್ಕದು.

ಅವಳಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ನನಗೆ ಮಾತ್ರ ಒಂದು ಅನುಮಾನ ಕಾಡುತ್ತಿದೆ. ಅಷ್ಟು ಚಿಕ್ಕ ಜಾಗಕ್ಕೆ ದೋಣಿ ಹೋಗಬೇಕು, ಡೀಸೆಲ್ ಹೋಗಬೇಕು, ಜನ ಹೋಗಬೇಕು, ಅವರ ಕಸ ವಾಪಸ್ ಬರಬೇಕು. ಉಳಿಸುತ್ತೇವೆ ಅಂತ ಹೋಗಿ ನಾವೇ ತುಳಿದು ಹಾಳು ಮಾಡುತ್ತಿದ್ದೇವಾ? ಸಮುದ್ರವೇ ಬಿಸಿಯಾಗಿ ಹವಳ ಸಾಯುತ್ತಿರುವಾಗ ದಡದಲ್ಲಿ ಕೂತು ಎಣಿಸಿದರೆ ಏನು ಬಂತು? ಇದೇ ವಿಷಯಕ್ಕೆ ತಂಗಿಗೂ ನನಗೂ ಜಗಳವೂ ಆಯಿತು. ಗೊತ್ತಿರುವವರು ದಯವಿಟ್ಟು ಹೇಳಿ.

ನೀರಾಳ
ಆಲ್ಡಾಬ್ರಾ ಬಗ್ಗೆ ಓದಿ. ನಿಮ್ಮ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ. ಅದು ಹಿಂದೂ ಮಹಾಸಾಗರದಲ್ಲಿ ಸೇಶೆಲ್ಸ್ ದೇಶಕ್ಕೆ ಸೇರಿದ ಹವಳದ್ವೀಪ. ಮುಖ್ಯ ದ್ವೀಪ ಮಾಹೆಯಿಂದ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. 1960ರ ದಶಕದಲ್ಲಿ ಬ್ರಿಟಿಷರು ಅಲ್ಲಿ ವಾಯುಪಡೆಯ ನೆಲೆ ಕಟ್ಟಲು ಹೊರಟಿದ್ದರು. ವಿಜ್ಞಾನಿಗಳು ಜೋರಾಗಿ ದನಿ ಎತ್ತಿದರು. 1967ರಲ್ಲಿ ಆ ಯೋಜನೆ ಬಿದ್ದುಹೋಯಿತು. 1971ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಂಸ್ಥೆ ರಾಯಲ್ ಸೊಸೈಟಿ ಅಲ್ಲೊಂದು ಸಂಶೋಧನಾ ಕೇಂದ್ರ ಕಟ್ಟಿತು. ಈಗ ದ್ವೀಪವನ್ನು ನೋಡಿಕೊಳ್ಳುವುದು ಸೇಶೆಲ್ಸ್ ಐಲ್ಯಾಂಡ್ಸ್ ಫೌಂಡೇಶನ್. 1982ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಸುಮಾರು ಒಂದು ಲಕ್ಷ ದೈತ್ಯ ಆಮೆಗಳು ಅಲ್ಲಿ ಬದುಕಿವೆ. ರನ್‌ವೇ ಬಂದಿದ್ದರೆ ಅವುಗಳ ಗತಿ ಏನಾಗುತ್ತಿತ್ತು ಯೋಚಿಸಿ.

ಹಳೇ ಅಲೆ
ನೀರಾಳ ಅವರೇ, ಒಂದು ತಿದ್ದುಪಡಿ. ವಿಜ್ಞಾನಿಗಳ ಕೂಗಿನಿಂದಲೇ ಯೋಜನೆ ನಿಂತಿತು ಅನ್ನುವುದು ಅರ್ಧ ಸತ್ಯ. 1967ರ ಕೊನೆಯಲ್ಲಿ ಬ್ರಿಟನ್ ಪೌಂಡಿನ ಬೆಲೆ ಇಳಿಸಿತ್ತು. ರಕ್ಷಣಾ ಖರ್ಚಿಗೆ ಕತ್ತರಿ ಬಿದ್ದಿತ್ತು. ಕೈಯಲ್ಲಿ ಕಾಸಿಲ್ಲದ್ದೂ ಆಮೆಗಳನ್ನು ಉಳಿಸಿತು.

ನೀರಾಳ
ಒಪ್ಪಿದೆ. ಆದರೆ ಅವತ್ತು ಯಾರೂ ದನಿ ಎತ್ತದೇ ಇದ್ದಿದ್ದರೆ, ದುಡ್ಡು ಬಂದ ಮೇಲೆ ಮತ್ತೆ ಅದೇ ಯೋಜನೆ ಮೇಲೆದ್ದು ಬರುತ್ತಿತ್ತು. ಕೇಂದ್ರ ಇದ್ದದ್ದರಿಂದ ಅಲ್ಲಿ ಏನಿದೆ ಅಂತ ಜಗತ್ತಿಗೆ ಗೊತ್ತಾಯಿತು.

ಮಳೆಬಿಲ್ಲು
ಅಕ್ಕರೆ ಅವರ ಅನುಮಾನ ನ್ಯಾಯವಾದದ್ದೇ. ನಾನು ಕೆಲವು ವರ್ಷಗಳ ಹಿಂದೆ ಒಂದು ದ್ವೀಪಕ್ಕೆ ಸ್ವಯಂಸೇವಕಿಯಾಗಿ ಹೋಗಿದ್ದೆ. ದುಡ್ಡು ಕೊಟ್ಟೇ ಹೋಗಿದ್ದೆ. ಯಾವುದು ಅಂತ ಹೇಳುವುದಿಲ್ಲ. ದಿನಾ ಸಂಜೆ ಆಮೆ ಮರಿಗಳನ್ನು ತೊಟ್ಟಿಯಿಂದ ತೆಗೆದು ನಮ್ಮ ಕೈಗೆ ಕೊಡುತ್ತಿದ್ದರು. ಫೋಟೋ ತೆಗೆದ ಮೇಲೆ ಬಿಡಬೇಕು. ಹಿಂದಿನ ರಾತ್ರಿಯೇ ಮೊಟ್ಟೆಯಿಂದ ಹೊರಬಂದ ಮರಿಗಳು ಅವು. ಮರಳಿನಿಂದ ಮೇಲೆ ಬಂದ ತಕ್ಷಣ ಮೈಯಲ್ಲಿ ಉಳಿದಿರುವ ಮೊಟ್ಟೆಯ ಹಳದಿಯ ಬಲದಲ್ಲೇ ಅವು ಗಂಟೆಗಟ್ಟಲೆ ಈಜಿ ದಡದಿಂದ ದೂರ ಹೋಗಬೇಕು. ಆ ಬಲವನ್ನೆಲ್ಲ ತೊಟ್ಟಿಯ ಗೋಡೆಗೆ ಬಡಿದುಕೊಂಡೇ ಕಳೆದುಕೊಂಡಿದ್ದವು. ನನ್ನ ಅಂಗೈಯಲ್ಲಿದ್ದ ಮರಿ ಒಂದು ರೆಕ್ಕೆ ಎತ್ತಿ ಸುಮ್ಮನಾಯಿತು. ನನಗೆ ಇವತ್ತಿಗೂ ಅದನ್ನು ಮರೆಯಲು ಆಗಿಲ್ಲ. ಹಾಗಾಗಿ ಕೇಂದ್ರ ಎಂಬ ಬೋರ್ಡು ನೋಡಿ ನಂಬಬೇಡಿ. ಒಳಗೆ ಏನು ನಡೆಯುತ್ತದೆ ಕೇಳಿ.

ಗೂಡು
ಮಳೆಬಿಲ್ಲು ಹೇಳಿದ್ದು ತುಂಬಾ ಮುಖ್ಯ. ಒಳ್ಳೆಯ ಕೇಂದ್ರ ಯಾವುದು ಅಂತ ಕಂಡುಹಿಡಿಯಲು ನಾನು ಕೇಳುವ ಪ್ರಶ್ನೆ ಒಂದೇ: ಇಲಿ ಬರದ ಹಾಗೆ ಏನು ಮಾಡುತ್ತೀರಿ?

ಸೇಶೆಲ್ಸ್‌ನ ಕಸಿನ್ ದ್ವೀಪ ನೋಡಿ. 30 ಹೆಕ್ಟೇರೂ ಇಲ್ಲ. ಹೊರಗಿನ ದೋಣಿ ಯಾವುದೂ ಅಲ್ಲಿ ದಡಕ್ಕೆ ತಾಗುವ ಹಾಗಿಲ್ಲ. ನೋಡಲು ಬಂದವರು ನೀರಲ್ಲೇ ತಮ್ಮ ದೋಣಿ ಇಳಿದು ದ್ವೀಪದವರ ದೋಣಿ ಹತ್ತಬೇಕು. ಇಷ್ಟೆಲ್ಲ ಯಾಕೆ? ಬಸುರಿ ಇಲಿ ಒಂದು ಹಗ್ಗದ ಸುರುಳಿಯಲ್ಲಿ ಅಡಗಿ ಬಂದರೂ ಸಾಕು. ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಕಥೆ ಮುಗಿಯಿತು. ಹಕ್ಕಿ ಹೋದರೆ ಹವಳಕ್ಕೂ ಏಟು.

ಕುತೂಹಲಿ
ಹಕ್ಕಿಗೂ ಹವಳಕ್ಕೂ ಏನು ಸಂಬಂಧ? ಒಂದು ಮರದ ಮೇಲೆ, ಇನ್ನೊಂದು ನೀರಿನ ಕೆಳಗೆ.

ಗೂಡು
ಸಂಬಂಧ ಇರುವುದು ಹಿಕ್ಕೆಯಲ್ಲಿ. ಕಡಲ ಹಕ್ಕಿ ನೂರಾರು ಕಿಲೋಮೀಟರ್ ದೂರದಲ್ಲಿ ಮೀನು ತಿನ್ನುತ್ತದೆ, ರಾತ್ರಿ ದ್ವೀಪಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಅದರಲ್ಲಿ ಸಾರಜನಕ ತುಂಬಿರುತ್ತದೆ. ಮಳೆ ಬಂದಾಗ ಅದು ಮಣ್ಣಿನಿಂದ ತೊಳೆದು ಸುತ್ತಲಿನ ಹವಳದ ದಿಬ್ಬಕ್ಕೆ ಇಳಿಯುತ್ತದೆ. ಅಲ್ಲಿನ ಪಾಚಿ, ಪಾಚಿ ತಿನ್ನುವ ಮೀನು, ಎಲ್ಲಕ್ಕೂ ಅದೇ ಗೊಬ್ಬರ.

ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ. ಕೆಲವು ದ್ವೀಪಗಳಲ್ಲಿ ಇಲಿ ಇದೆ, ಕೆಲವಲ್ಲಿ ಇಲ್ಲ. ಅದಕ್ಕೇ ಹೋಲಿಸಲು ಹೇಳಿ ಮಾಡಿಸಿದ ಜಾಗ. 2018ರಲ್ಲಿ ಬಂದ ಫಲಿತಾಂಶ: ಇಲಿ ಇಲ್ಲದ ದ್ವೀಪಗಳಲ್ಲಿ ಕಡಲ ಹಕ್ಕಿಗಳ ದಟ್ಟಣೆ 760 ಪಟ್ಟು ಜಾಸ್ತಿ, ಸುತ್ತಲಿನ ದಿಬ್ಬದಲ್ಲಿ ಮೀನಿನ ಒಟ್ಟು ತೂಕ ಸುಮಾರು 48% ಜಾಸ್ತಿ. ಅಂದರೆ ದಡದ ಮೇಲೆ ಇಲಿ ಹಿಡಿದರೆ ನೀರಿನೊಳಗೆ ಮೀನು ಹೆಚ್ಚುತ್ತದೆ. ಇದನ್ನು ಮೊದಲ ಸಲ ಓದಿದಾಗ ನಾನು ಎದ್ದು ಕೂತೆ.

ಪೆಸಿಫಿಕ್‌ನ ಪಾಲ್ಮೈರಾ ದ್ವೀಪದಲ್ಲೂ ಹೀಗೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಇಲಿ ಸೇರಿಕೊಂಡಿತ್ತು. 2011ರಲ್ಲಿ ಅದನ್ನು ಪೂರ್ತಿ ಇಲ್ಲವಾಗಿಸಿದರು. ಈಗ ತೆಂಗಿನ ಮರ ಕಡಿದು ಮೂಲದ ಕಾಡು ಬೆಳೆಸುತ್ತಿದ್ದಾರೆ, ಯಾಕೆಂದರೆ ಕಡಲ ಹಕ್ಕಿಗಳು ತೆಂಗಿನ ಮೇಲೆ ಅಷ್ಟಾಗಿ ಗೂಡು ಕಟ್ಟುವುದಿಲ್ಲ.

ತೆಂಗಿನ ನೆರಳು
ತೆಂಗು ಕಡಿಯುವುದಾ? ಇದು ನನಗೆ ಸರಿ ಕಾಣುತ್ತಿಲ್ಲ. ದ್ವೀಪದ ಜನ ತೆಂಗಿನಿಂದಲೇ ಬದುಕುವವರು. ಕೊಬ್ಬರಿ, ಹುರಿ, ಸೂರು ಎಲ್ಲ ಅದೇ.

ಗೂಡು
ಪಾಲ್ಮೈರಾದಲ್ಲಿ ಊರಿಲ್ಲ, ಅಲ್ಲಿಯವರು ಅಂತ ಯಾರೂ ಇಲ್ಲ. ಕೇಂದ್ರದ ಸಿಬ್ಬಂದಿ ಅಷ್ಟೇ. ಜನ ಇರುವ ದ್ವೀಪದಲ್ಲಿ ತೆಂಗು ಕಡಿಯಿರಿ ಅಂತ ನಾನು ಖಂಡಿತ ಹೇಳುವುದಿಲ್ಲ.

ಹಳೇ ಅಲೆ
ಜನರ ಮಾತು ಬಂತಲ್ಲ, ಈಗ ಹೇಳಲೇಬೇಕು. ಗೂಡು ಅವರು ಚಾಗೋಸ್‌ನ ಇಲಿ ಲೆಕ್ಕ ಕೊಟ್ಟರು, ಜನರ ಲೆಕ್ಕ ಕೊಡಲಿಲ್ಲ.

1965ರಲ್ಲಿ ಬ್ರಿಟನ್ ಚಾಗೋಸ್ ಮತ್ತು ಆಲ್ಡಾಬ್ರಾ ಎರಡನ್ನೂ ಒಂದೇ ಹೊಸ ವಸಾಹತಿಗೆ ಸೇರಿಸಿತು. ಆಲ್ಡಾಬ್ರಾ ಪರವಾಗಿ ಮಾತಾಡಲು ವಿಜ್ಞಾನಿಗಳಿದ್ದರು. ಚಾಗೋಸ್ ಜನರ ಪರವಾಗಿ ಯಾರೂ ಇರಲಿಲ್ಲ. ಚಾಗೋಸ್‌ನ ಡಿಯೇಗೋ ಗಾರ್ಸಿಯಾ ದ್ವೀಪದಲ್ಲಿ ಅಮೆರಿಕದ ಸೇನಾ ನೆಲೆಗಾಗಿ 1968ರಿಂದ 1973ರ ಒಳಗೆ ಆ ದ್ವೀಪಗಳ ಜನರನ್ನೆಲ್ಲ ಹೊರಗೆ ಹಾಕಿದರು. ಸಾಕಿದ ನಾಯಿಗಳನ್ನೂ ಕೊಂದರು. ಆಮೇಲೆ 2010ರಲ್ಲಿ ಅದೇ ಜಾಗವನ್ನು ಸಂರಕ್ಷಿತ ಸಮುದ್ರ ಎಂದು ಘೋಷಿಸಿದರು. ಅದು ಕಾನೂನಿಗೆ ವಿರುದ್ಧ ಎಂದು 2015ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಹೇಳಿತು.

ಹವಳ ಉಳಿಸುವ ಹೆಸರಿನಲ್ಲಿ ಮನೆಗೆ ವಾಪಸ್ ಬರುವ ದಾರಿ ಮುಚ್ಚಿದರೆ ಅದು ಸಂರಕ್ಷಣೆ ಅಲ್ಲ.

ಗೂಡು
ನಾನು ಅಳತೆಯ ಬಗ್ಗೆ ಮಾತ್ರ ಹೇಳಿದೆ. ಅಳತೆ ಸುಳ್ಳಾಗುವುದಿಲ್ಲ. ಆದರೆ ನೀವು ಹೇಳಿದ್ದನ್ನು ನಾನೇ ಮೊದಲು ಬರೆಯಬೇಕಿತ್ತು. ತಪ್ಪು ನನ್ನದು.

ನೀರಾಳ
ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದ ಕೇಂದ್ರವೂ ಖಾಲಿ ನೆಲದ ಮೇಲೆ ಹುಟ್ಟಿದ್ದಲ್ಲ. 1973ರಿಂದ ಆಸ್ಟ್ರೇಲಿಯನ್ ಮ್ಯೂಸಿಯಂ ಅದನ್ನು ನಡೆಸುತ್ತಿದೆ. ಅಲ್ಲಿನ ಮೂಲನಿವಾಸಿಗಳಾದ ದಿಂಗಾಲ್ ಜನ ಆ ದ್ವೀಪವನ್ನು ಕರೆಯುವುದು ಜೀಗುರು ಅಂತ. 1770ರಲ್ಲಿ ಬ್ರಿಟಿಷ್ ನಾವಿಕ ಕುಕ್ ಉಡಗಳನ್ನು ನೋಡಿ ಲಿಜರ್ಡ್ ಅಂತ ಹೆಸರಿಟ್ಟ. ಜನ, ಹೆಸರು, ನೆನಪು ಎಲ್ಲ ಅದಕ್ಕಿಂತ ಎಷ್ಟೋ ಹಿಂದಿನವು.

ತೆಂಗಿನ ನೆರಳು
ಲಕ್ಷದ್ವೀಪ ಯಾರೂ ಹೇಳಲಿಲ್ಲವಲ್ಲ. ಅಮಿನಿ, ಕದಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಎಷ್ಟು ಜನರಿಗೆ ಗೊತ್ತು?

ಅಲ್ಲಿ 32 ಚದರ ಕಿಲೋಮೀಟರ್ ನೆಲದಲ್ಲಿ 2011ರ ಜನಗಣತಿ ಪ್ರಕಾರ 64,000ಕ್ಕೂ ಜಾಸ್ತಿ ಜನ ಇದ್ದರು. ಅಂಥ ಕಡೆ ಸಂಶೋಧನೆ ಮಾಡುವವರು ಜನರನ್ನು ಬಿಟ್ಟು ಯೋಚಿಸಲು ಆಗುವುದೇ ಇಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಅಗತ್ತಿ ದ್ವೀಪದ ಲಗೂನ್‌ನಲ್ಲಿ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರಿನಲ್ಲಿ, ಹಸಿರು ಕಡಲಾಮೆಗಳು ಹೆಚ್ಚಿ, ಕಡಲ ಹುಲ್ಲನ್ನು ಬುಡದ ತನಕ ಮೇಯ್ದುಬಿಟ್ಟವು. ಆ ಹುಲ್ಲಿನಲ್ಲೇ ಎಷ್ಟೋ ಮೀನಿನ ಮರಿಗಳು ಬೆಳೆಯುತ್ತವೆ. ಆಮೆ ಬಂದ ಮೇಲೆ ಮೀನು ಕಮ್ಮಿ ಆಯಿತು ಅಂತ ಮೀನುಗಾರರು ದೂರಿದರು. ಸಂಶೋಧಕರು ಅದನ್ನು ತಳ್ಳಿಹಾಕದೆ ಲಗೂನ್‌ಗೆ ಇಳಿದು ಹುಲ್ಲು ಅಳೆದರು. ಮೀನುಗಾರರ ಮಾತಿನಲ್ಲಿ ಹುರುಳಿದೆ ಅಂತ ಕಂಡಿತು. ಹುಲ್ಲು ಮುಗಿದ ಮೇಲೆ ಆಮೆಗಳು ಬೇರೆ ದ್ವೀಪದ ಲಗೂನ್ ಹುಡುಕಿಕೊಂಡು ಹೋದವು.

ಆಮೆ ಅಂದರೆ ಒಳ್ಳೆಯದು, ಮೀನುಗಾರ ಅಂದರೆ ಕೆಟ್ಟವನು ಎನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅಲ್ಲಿಯವರು ಗಾಳ ಕಟ್ಟಿದ ಕೋಲಿನಿಂದ ಒಂದೊಂದೇ ಟ್ಯೂನಾ ಹಿಡಿಯುತ್ತಾರೆ. ದೊಡ್ಡ ಬಲೆ ಬೀಸಿ ಸಿಕ್ಕಿದ್ದೆಲ್ಲ ಬಾಚುವವರಲ್ಲ.

ಅಕ್ಕರೆ
ಇದು ನನಗೆ ಹೊಸ ವಿಷಯ. ತಂಗಿಗೂ ಓದಿಸಿದೆ. ಅವಳು ಸುಮ್ನೆ ನಕ್ಕಳು, ಅವಳಿಗೆ ಮೊದಲೇ ಗೊತ್ತಿತ್ತಂತೆ.

ದಡದವಳು
ನಾನು ಓದುವಾಗ ಕ್ಲಾಸಿನ ಜೊತೆ ಹೆರಾನ್ ದ್ವೀಪಕ್ಕೆ ಹೋಗಿದ್ದೆ. ಆಸ್ಟ್ರೇಲಿಯಾದ ದೊಡ್ಡ ಹವಳದ ದಿಬ್ಬ ಗ್ರೇಟ್ ಬ್ಯಾರಿಯರ್ ರೀಫ್‌ನ ದಕ್ಷಿಣ ಭಾಗದಲ್ಲಿದೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೇಂದ್ರ ಅದು. ಮೊದಲ ರಾತ್ರಿ ನಿದ್ದೆಯೇ ಬರಲಿಲ್ಲ. ನೆಲದ ಬಿಲಗಳಿಂದ ಶಿಯರ್‌ವಾಟರ್ ಹಕ್ಕಿಗಳು ಎಳೆ ಮಗು ಅತ್ತ ಹಾಗೆ ಕೂಗುತ್ತವೆ. ದಾರಿ ಬಿಟ್ಟು ಒಂದು ಹೆಜ್ಜೆ ಇಟ್ಟರೆ ಬಿಲ ಕುಸಿಯುತ್ತದೆ, ಒಳಗಿರುವ ಮರಿ ಹೂತುಹೋಗುತ್ತದೆ. ಅದಕ್ಕೇ ನಮಗೆ ಹೇಳಿದ ಮೊದಲ ಮಾತೇ ದಾರಿ ಬಿಡಬೇಡಿ ಅಂತ.

ಬೆಳಿಗ್ಗೆ ನೋಡಿದ್ದನ್ನು ಮಾತ್ರ ಮರೆಯಲಾರೆ. ಅಲ್ಲಿ ಪಿಸೋನಿಯಾ ಅಂತ ಒಂದು ಮರ. ಅದರ ಬೀಜಕ್ಕೆ ಅಂಟು, ಜೊತೆಗೆ ಸಣ್ಣ ಸಣ್ಣ ಕೊಕ್ಕೆ. ಅದೇ ಮರದಲ್ಲಿ ಕಪ್ಪು ನಾಡಿ ಎಂಬ ಕಡಲ ಹಕ್ಕಿಗಳು ಎಲೆಗೆ ಹಿಕ್ಕೆ ಮೆತ್ತಿ ಗೂಡು ಕಟ್ಟುತ್ತವೆ. ಒಂದು ನಾಡಿ ಹಕ್ಕಿ ನೆಲದ ಮೇಲೆ ಬಿದ್ದಿತ್ತು. ರೆಕ್ಕೆಗೂ ಎದೆಗೂ ಬೀಜದ ಗೊಂಚಲು ಅಂಟಿಕೊಂಡು, ರೆಕ್ಕೆ ಬಿಚ್ಚಲು ಆಗುತ್ತಿರಲಿಲ್ಲ. ಕಣ್ಣು ಮಾತ್ರ ನಮ್ಮ ಕಡೆ ತಿರುಗಿಸುತ್ತಿತ್ತು. ಬಿಡಿಸೋಣ ಅಂತ ಕೈ ಚಾಚಿದೆ. ಜೊತೆಗಿದ್ದ ಮೇಡಂ ಬೇಡ ಎಂದರು.

ಕುತೂಹಲಿ
ಯಾಕೆ ಬೇಡ? ಉಳಿಸಬಹುದಿತ್ತಲ್ಲ!

ದಡದವಳು
ನಾನೂ ಅವತ್ತು ಸಿಟ್ಟಾದೆ. ಆದರೆ ಆ ಮರ ಬೇರೆ ದ್ವೀಪಕ್ಕೆ ಹಬ್ಬುವುದೇ ಹಾಗೆ. ಒಂದೆರಡು ಬೀಜ ಅಂಟಿದ ಹಕ್ಕಿ ಹಾರಿಹೋಗುತ್ತದೆ, ಬೀಜ ಇನ್ನೊಂದು ದ್ವೀಪ ಸೇರುತ್ತದೆ. ಗೊಂಚಲೇ ಅಂಟಿದ್ದು ಸಾಯುತ್ತದೆ. ಸತ್ತ ಹಕ್ಕಿ ಗಿಡಕ್ಕೆ ಗೊಬ್ಬರ ಆಗಲಿ ಅಂತಲೇ ಮರ ಹೀಗೆ ಮಾಡುತ್ತದೆ ಎಂಬ ಊಹೆಯೂ ಇತ್ತು. ಕಸಿನ್‌ನಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಹಾಗೇನೂ ಲಾಭ ಕಾಣಲಿಲ್ಲ.

ಗೂಡು
ಅದೇ ಪಿಸೋನಿಯಾ ಕಸಿನ್‌ನಲ್ಲಿ ಒಂದು ಹಕ್ಕಿಯನ್ನು ಉಳಿಸಿತು. ಸೇಶೆಲ್ಸ್ ವಾರ್ಬ್ಲರ್ ಅಂತ, ನಮ್ಮ ಉಲಿಹಕ್ಕಿಯ ಬಳಗದ್ದು. 1968ರ ಹೊತ್ತಿಗೆ ಇಡೀ ಜಗತ್ತಿನಲ್ಲಿ 30 ಕೂಡ ಉಳಿದಿರಲಿಲ್ಲ, ಉಳಿದವೆಲ್ಲ ಕಸಿನ್‌ನಲ್ಲೇ. ದ್ವೀಪ ಆಗ ತೆಂಗಿನ ತೋಟ. ಹಕ್ಕಿ ಸಂರಕ್ಷಣೆಯ ಸಂಸ್ಥೆಯೊಂದು ಅದನ್ನು ಕೊಂಡು ಮೂಲದ ಕಾಡು ಬರಲು ಬಿಟ್ಟಿತು. ವಾರ್ಬ್ಲರ್ ಎಲೆಯ ಕೆಳಮೈಯಲ್ಲಿರುವ ಹುಳ ಹೆಕ್ಕಿ ತಿನ್ನುವ ಹಕ್ಕಿ. ಪಿಸೋನಿಯಾ ಬಂತು, ಹುಳ ಬಂತು, ಹಕ್ಕಿ ಹೆಚ್ಚಿತು. 1988ರಿಂದ ಕೆಲವನ್ನು ಬೇರೆ ದ್ವೀಪಗಳಿಗೂ ಒಯ್ದು ಬಿಟ್ಟರು. ಈಗ ಮೂರು ಸಾವಿರದಷ್ಟಿವೆ.

ಪದಪ್ರೇಮಿ
ವಿಷಯ ಬಿಟ್ಟು ಒಂದು ಮಾತು. ಪತ್ರಿಕೆಗಳಲ್ಲಿ ಹವಳದ ಗಿಡ ಅಂತ ಬರೆಯುತ್ತಾರೆ. ಹವಳ ಗಿಡ ಅಲ್ಲ, ಪ್ರಾಣಿ. ಪುಟ್ಟ ಪುಟ್ಟ ಜೀವಿಗಳು ಸೇರಿ ಸುಣ್ಣದ ಗೂಡು ಕಟ್ಟಿಕೊಳ್ಳುತ್ತವೆ.

ನೀರಾಳ
ಪೂರ್ತಿ ವಿಷಯ ಬಿಟ್ಟಿದ್ದಲ್ಲ ಬಿಡಿ. ಅವುಗಳ ಮೈಯೊಳಗೆ ಪಾಚಿ ಇರುತ್ತದೆ. ಊಟವೂ ಬಣ್ಣವೂ ಬಹುಪಾಲು ಆ ಪಾಚಿಯದೇ. ಬೇಸಿಗೆಯ ಮಾಮೂಲು ಬಿಸಿಗಿಂತ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ನಿಂತರೆ ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ. ಆಗ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ತಕ್ಷಣ ಸತ್ತಿತು ಅಂತಲ್ಲ. ನೀರು ಬೇಗ ತಣ್ಣಗಾದರೆ ಚೇತರಿಸಿಕೊಳ್ಳುತ್ತದೆ.

ಉರಿಬಿಸಿಲು
ನೀವೆಲ್ಲ ಚೆನ್ನಾಗಿ ಬರೆದಿದ್ದೀರಿ. ಆದರೆ ಅಕ್ಕರೆ ಅವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಇಲಿ ಹಿಡಿಯಬಹುದು, ದೋಣಿ ತಡೆಯಬಹುದು. ಬಿಸಿ ತಡೆಯಲು ಆಗುತ್ತದಾ?

ಒನ್ ಟ್ರೀ ದ್ವೀಪ ನೋಡಿ. ಸಿಡ್ನಿ ವಿಶ್ವವಿದ್ಯಾಲಯದ ಕೇಂದ್ರ ಅಲ್ಲಿದೆ. ಪ್ರವಾಸಿಗರಿಗೆ ಕಾಲಿಡಲೂ ಬಿಡುವುದಿಲ್ಲ. ಅದಕ್ಕಿಂತ ಜಾಸ್ತಿ ಕಾವಲು ಎಲ್ಲಿ ಸಿಗುತ್ತದೆ? 2024ರ ಬೇಸಿಗೆಯಲ್ಲಿ ಅಲ್ಲಿ 462 ಹವಳಗಳನ್ನು ಒಂದೊಂದಾಗಿ ಗುರುತು ಹಾಕಿ ನೋಡುತ್ತಾ ಹೋದರು. ಏಪ್ರಿಲ್ ಹೊತ್ತಿಗೆ 80% ಬಿಳಿಚಿದ್ದವು. ಬಿಳಿಚಿದವುಗಳಲ್ಲಿ 44% ಜುಲೈ ಹೊತ್ತಿಗೆ ಸತ್ತಿದ್ದವು. ಲಿಜರ್ಡ್ ದ್ವೀಪಕ್ಕೂ 2014 ಮತ್ತು 2015ರಲ್ಲಿ ಎರಡು ಚಂಡಮಾರುತ ಬಡಿದವು, ಬೆನ್ನಿಗೇ 2016ರ ಬಿಸಿ. ಕೇಂದ್ರ ಇದ್ದು ಏನು ಮಾಡಿತು? ನೋಡುತ್ತಾ ನಿಂತಿತು.

ಮಳೆಬಿಲ್ಲು
ಒಂದೊಂದು ಹವಳಕ್ಕೂ ಗುರುತು ಹಾಕಿ, ತಿಂಗಳು ತಿಂಗಳೂ ಹೋಗಿ ನೋಡಿ ಬರುವವರ ಮನಸ್ಸು ಹೇಗಿರುತ್ತದೋ.

ದಡದವಳು
ಉರಿಬಿಸಿಲು ಅವರೇ, ನೋಡುತ್ತಾ ನಿಂತಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಒನ್ ಟ್ರೀ ಸುತ್ತಲಿನ ಲಗೂನ್‌ನಲ್ಲಿ ಇಳಿತದ ಹೊತ್ತಿಗೆ ನೀರು ಬಟ್ಟಲಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಆ ಗುಣ ಬಳಸಿಕೊಂಡು ಅಲ್ಲೊಂದು ಪ್ರಯೋಗ ಮಾಡಿದರು. ಇಂಗಾಲದ ಡೈಆಕ್ಸೈಡ್ ಕರಗಿ ಹುಳಿಯಾಗುತ್ತಿರುವ ನೀರಿಗೆ ಕ್ಷಾರ ಬೆರೆಸಿ ಹಿಂದಿನ ಕಾಲದ ಗುಣ ತಂದರು. ಹವಳದ ದಿಬ್ಬ ಸುಣ್ಣ ಕಟ್ಟುವುದು ಸುಮಾರು 7% ಹೆಚ್ಚಿತು. 2016ರಲ್ಲಿ ಪ್ರಕಟವಾಯಿತು. ಅಂದರೆ ಹುಳಿ ಈಗಾಗಲೇ ಹವಳದ ಬೆಳವಣಿಗೆ ತಿನ್ನುತ್ತಿದೆ ಅಂತ ತೊಟ್ಟಿಯಲ್ಲಿ ಅಲ್ಲ, ನಿಜವಾದ ದಿಬ್ಬದ ಮೇಲೆಯೇ ಗೊತ್ತಾಯಿತು.

ಲಿಜರ್ಡ್‌ನಲ್ಲೂ 2017ರಲ್ಲಿ ಹವಳ ಸತ್ತ ಜಾಗದಲ್ಲಿ ನೀರಿನೊಳಗೆ ಸ್ಪೀಕರ್ ಇಟ್ಟು, ಆರೋಗ್ಯವಾಗಿರುವ ದಿಬ್ಬದ ಸದ್ದು ಹಾಕಿದರು. ಸೀಗಡಿಗಳ ಚಟಪಟ, ಮೀನುಗಳ ಗುರುಗುರು. ಸದ್ದು ಹಾಕಿದ ಕಡೆ ಬಂದು ನೆಲೆಸಿದ ಎಳೆ ಮೀನುಗಳ ಸಂಖ್ಯೆ ಎರಡರಷ್ಟಾಯಿತು. ಸತ್ತ ದಿಬ್ಬ ಮೌನವಾಗಿರುತ್ತದೆ, ಆ ಮೌನಕ್ಕೆ ಮೀನು ಬರುವುದಿಲ್ಲ ಅಂತ ಕೇಂದ್ರ ಇಲ್ಲದೆ ಯಾರಿಗೆ ಗೊತ್ತಾಗುತ್ತಿತ್ತು?

ಉರಿಬಿಸಿಲು
ಪ್ರಯೋಗ ಚೆನ್ನಾಗಿದೆ. ಆದರೆ ಇಡೀ ಸಮುದ್ರಕ್ಕೆ ಕ್ಷಾರ ಸುರಿಯಲು, ಸ್ಪೀಕರ್ ಇಡಲು ಆಗುವುದಿಲ್ಲ. ಮೀನು ಬಂದರೂ ತಿನ್ನಲು, ಅಡಗಲು ಹವಳ ಬೇಕಲ್ಲ. ಕಲ್ಲಿದ್ದಲು, ಎಣ್ಣೆ ಸುಡುವುದು ನಿಲ್ಲದೆ ಉಳಿದದ್ದೆಲ್ಲ ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ.

ದಡದವಳು
ಸುಡುವುದು ನಿಲ್ಲಬೇಕು ಅನ್ನುವುದರಲ್ಲಿ ಜಗಳವೇ ಇಲ್ಲ. ನಿಲ್ಲಿಸಿ ಅಂತ ಕೇಳಲು ಕೈಯಲ್ಲಿ ಲೆಕ್ಕ ಬೇಕು. ನೀವು ಈಗಷ್ಟೇ ಬರೆದ 462, 80, 44 ಎಲ್ಲಿಂದ ಬಂದವು ಹೇಳಿ?

ಉರಿಬಿಸಿಲು
ಹ್ಞೂಂ. ಕೇಂದ್ರದಿಂದಲೇ ಬಂದವು. ಆ ಮಟ್ಟಿಗೆ ಒಪ್ಪುತ್ತೇನೆ.

ಹಳೇ ಅಲೆ
ಎಣಿಕೆ ಯಾಕೆ ಬೇಕು ಅನ್ನುವುದಕ್ಕೆ ನನಗೆ ಕಡಲಾಮೆಯೇ ಸಾಕ್ಷಿ. ಹಸಿರು ಕಡಲಾಮೆ ಮೊಟ್ಟೆ ಇಡುವ ವಯಸ್ಸಿಗೆ ಬರಲು ಇಪ್ಪತ್ತು ಮೂವತ್ತು ವರ್ಷ ಬೇಕು. ಇವತ್ತು ಬೇಟೆ ನಿಲ್ಲಿಸಿದರೆ ಫಲ ಕಾಣುವುದು ಒಂದು ತಲೆಮಾರು ಕಳೆದ ಮೇಲೆ. ಆಲ್ಡಾಬ್ರಾದಲ್ಲಿ 1968ರಲ್ಲಿ ಆಮೆ ಬೇಟೆ ನಿಷೇಧ ಆಯಿತು. ಆಮೇಲೆ ವರ್ಷಾನುಗಟ್ಟಲೆ ದಡದಲ್ಲಿ ಗೂಡಿನ ಜಾಡು ಎಣಿಸುತ್ತಾ ಬಂದರು. ಗೂಡುಗಳು ಹಲವು ಪಟ್ಟು ಹೆಚ್ಚಿವೆ. ಮೂರು ವರ್ಷದ ಯೋಜನೆ, ಐದು ವರ್ಷದ ಯೋಜನೆ ಅಂತ ಬಂದು ಹೋಗುವವರಿಗೆ ಇದು ಕಾಣುತ್ತಲೇ ಇರಲಿಲ್ಲ.

ಇನ್ನೊಂದು ಕಡೆ ಕೆಟ್ಟ ಸುದ್ದಿಯೂ ಎಣಿಕೆಯಿಂದಲೇ ಬಂತು. ಆಮೆ ಮರಿ ಗಂಡೋ ಹೆಣ್ಣೋ ಅನ್ನುವುದು ಮರಳಿನ ಬಿಸಿ ಮೇಲೆ ನಿಂತಿದೆ. ಬಿಸಿ ಜಾಸ್ತಿ ಆದರೆ ಹೆಣ್ಣೇ ಜಾಸ್ತಿ. ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ದಡಗಳಲ್ಲಿ ಹುಟ್ಟಿದ ಎಳೆಯ ಆಮೆಗಳಲ್ಲಿ 99% ಹೆಣ್ಣು ಅಂತ 2018ರಲ್ಲಿ ಗೊತ್ತಾಯಿತು. ದೋಣಿಯಲ್ಲಿ ಒಂದು ದಿನ ಹೋಗಿ ಬಂದವರಿಗೆ ದಡ ತುಂಬಾ ಆಮೆ ಕಾಣುತ್ತದೆ, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ.

ಕುತೂಹಲಿ
99%! ಅಂದರೆ ಮುಂದೆ ಗಂಡೇ ಸಿಗದ ಕಾಲ ಬರಬಹುದು ಅಲ್ವಾ?

ಹಳೇ ಅಲೆ
ಆ ಭಯ ಇದೆ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ, ಅದೊಂದು ಸಮಾಧಾನ. ಗೂಡಿಗೆ ನೆರಳು ಮಾಡುವುದು, ನೀರು ಚಿಮುಕಿಸುವುದು, ಇಂಥ ದಾರಿಗಳನ್ನೂ ನೋಡುತ್ತಿದ್ದಾರೆ.

ಮಳೆಬಿಲ್ಲು
ಅಕ್ಕರೆ ಅವರು ಕಸದ ಮಾತು ಎತ್ತಿದ್ದರು. ಕೇಂದ್ರದವರ ಕಸಕ್ಕಿಂತ ಅಲೆ ತಂದು ಹಾಕುವ ಕಸವೇ ದೊಡ್ಡದು. 2019ರಲ್ಲಿ ಆಲ್ಡಾಬ್ರಾದಲ್ಲಿ ಐದು ವಾರ ಕೆಲಸ ಮಾಡಿ 25 ಟನ್ ಎತ್ತಿದರು. ಇನ್ನೂ 500 ಟನ್ನಿನಷ್ಟು ಉಳಿದಿದೆ ಅಂತ ಆಗಿನ ಅಂದಾಜು. ತೂಕದಲ್ಲಿ ಬಹುಪಾಲು ಮೀನುಗಾರಿಕೆಯ ಬಲೆ, ಹಗ್ಗ. ಸಂಖ್ಯೆಯಲ್ಲಿ ಚಪ್ಪಲಿಗಳು, ಸುಮಾರು 3,60,000. ಆ ದ್ವೀಪದಲ್ಲಿ ಚಪ್ಪಲಿ ಹಾಕುವವರು ಬೆರಳೆಣಿಕೆ ಜನ. ಎಲ್ಲ ಬೇರೆಯವರ ಕಾಲಿನವು. ಆಮೆ ಮೊಟ್ಟೆ ಇಡಲು ಬಂದಾಗ ಮೊದಲು ಅದನ್ನೆಲ್ಲ ದಾಟಿ ಬರಬೇಕು.

ಅಕ್ಕರೆ
ಇಷ್ಟೊಂದು ಜನ ಇಷ್ಟು ಮನಸ್ಸಿಟ್ಟು ಬರೆದಿರಿ, ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ತಂಗಿ ಜೊತೆ ಕೂತು ಮೊದಲಿಂದ ಓದಿದೆ. ಗೂಡು ಅವರ ಇಲಿ ಪ್ರಶ್ನೆಯನ್ನು ಅವಳು ಕೇಂದ್ರಕ್ಕೆ ಬರೆದು ಕೇಳಿದಳು. ಇವತ್ತೇ ಉತ್ತರ ಬಂತು, ಎರಡು ಪುಟ. ಸಾಮಾನೆಲ್ಲ ಮುಚ್ಚಿದ ಕೋಣೆಯಲ್ಲಿ ಬಿಚ್ಚಿ ನೋಡುತ್ತಾರಂತೆ, ರಟ್ಟಿನ ಪೆಟ್ಟಿಗೆ ತರುವಂತಿಲ್ಲವಂತೆ. ಮರಿಗಳನ್ನು ತೊಟ್ಟಿಯಲ್ಲಿ ಇಡುತ್ತೀರಾ ಅಂತಲೂ ಕೇಳಿದ್ದಳು. ಇಲ್ಲ, ಯಾರೂ ಮುಟ್ಟುವ ಹಾಗೂ ಇಲ್ಲ ಎಂದಿದ್ದಾರೆ. ನನ್ನ ಜಗಳ ಅಲ್ಲಿಗೆ ಮುಗಿಯಿತು. ಸಮುದ್ರದ ಬಿಸಿಯ ಬಗ್ಗೆ ಉರಿಬಿಸಿಲು ಹೇಳಿದ ಸಂಕಟ ಹಾಗೇ ಇದೆ, ಅವಳಿಗೂ ಇದೆ.

ಈಗ ಸಾಮಾನು ಕಟ್ಟುತ್ತಿದ್ದೇವೆ. ಹಳೇ ಟ್ರೆಕ್ಕಿಂಗ್ ಬೂಟು ಒಯ್ಯಬಹುದಾ?

ದಡದವಳು
ಹೊಸದಾದರೆ ಒಳ್ಳೆಯದು. ಹಳೆಯದೇ ಆದರೆ ಅಟ್ಟೆಯ ಸಂದಿಯ ಮಣ್ಣನ್ನೆಲ್ಲ ಬ್ರಷ್ ಹಾಕಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ.

ಗೂಡು
ವೆಲ್ಕ್ರೋ ಪಟ್ಟಿ ಇರುವ ಯಾವುದನ್ನೂ ಒಯ್ಯದಿರುವುದೇ ಮೇಲು, ಬ್ಯಾಗ್ ಆಗಲಿ ಚಪ್ಪಲಿ ಆಗಲಿ. ಹುಲ್ಲಿನ ಬೀಜ ಅದರಲ್ಲೇ ಸಿಕ್ಕಿಕೊಳ್ಳುತ್ತದೆ, ಎಷ್ಟು ಝಾಡಿಸಿದರೂ ಬರುವುದಿಲ್ಲ. ಒಯ್ಯಲೇಬೇಕು ಅಂದರೆ ಚಿಮಟ ಹಿಡಿದು ಒಂದೊಂದೇ ಕೀಳಬೇಕು.

ಅಕ್ಕರೆ
ಬ್ಯಾಗಿನಲ್ಲಿ ವೆಲ್ಕ್ರೋ ಇದೆ. ಈಗಲೇ ಚಿಮಟ ಹುಡುಕುತ್ತೇನೆ.